ಮಾತ್ರೆಯ ಗೆರೆ, ಮೈಯ ಗೆರೆ

ಕಳೆದ ಮಳೆಗಾಲದಲ್ಲಿ ನಮ್ಮ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎರಡೂ ಪಾದಗಳು ಊದಿಕೊಂಡಿದ್ದವು. ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿಯುತ್ತಿತ್ತು. ಪರೀಕ್ಷೆ ಮಾಡಿದ ಡಾಕ್ಟರು, 'ಏನೇನು ಮಾತ್ರೆ ತಗೋತಾ ಇದ್ದೀರಿ ಅಜ್ಜಿ?' ಎಂದು ಕೇಳಿದರು.

'ಬೆಳಿಗ್ಗೆ ಒಂದು ಬಿಳೀದು. ತಿಂಡಿ ಆದ್ಮೇಲೆ ಸಕ್ಕರೆ ಕಾಯಿಲೇದು, ದೊಡ್ಡದು. ರಾತ್ರಿ ಇನ್ನೊಂದು ಸಣ್ಣದು. ಅದರ ಹೆಸರೆಲ್ಲ ಯಾರಿಗೆ ನೆನಪಿರತ್ತೆ ಸ್ವಾಮಿ?'

ಡಾಕ್ಟರು ನಕ್ಕರು. 'ಮುಂದಿನ ವಾರ ಬರುವಾಗ ಮನೇಲಿರೋ ಮಾತ್ರೆ ಹಾಳೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ' ಎಂದು ಕಳಿಸಿಕೊಟ್ಟರು.

ಅಜ್ಜಿಯ ಉತ್ತರ ತಮಾಷೆಯಾಗಿ ಕಂಡರೂ ವೈದ್ಯ ಸಂಶೋಧನೆಯ ಒಂದು ದೊಡ್ಡ ತೊಡಕು ಅದರಲ್ಲೇ ಇದೆ. ಯಾರು, ಯಾವ ಔಷಧವನ್ನು, ಎಷ್ಟು, ಎಂದಿನಿಂದ ಎಂದಿನವರೆಗೆ ತೆಗೆದುಕೊಂಡರು? ಆಮೇಲೆ ಅವರ ಮೈಯಲ್ಲಿ ಏನಾಯಿತು? ಈ ಎರಡು ಪ್ರಶ್ನೆಗಳ ಉತ್ತರ ಸಾಮಾನ್ಯವಾಗಿ ಬೇರೆ ಬೇರೆ ಕಡೆ ಬಿದ್ದಿರುತ್ತದೆ. ಮೊದಲನೆಯದು ಔಷಧದ ಅಂಗಡಿಯ ಬಿಲ್ಲಿನಲ್ಲೋ ಅಜ್ಜಿಯ ನೆನಪಿನಲ್ಲೋ ಇದ್ದರೆ, ಎರಡನೆಯದು ಆಸ್ಪತ್ರೆಯ ಕಡತದಲ್ಲಿರುತ್ತದೆ. ಎರಡನ್ನೂ ಒಂದೇ ಕಾಗದದ ಮೇಲೆ, ಕಣ್ಣಿಗೆ ಕಾಣುವಂತೆ ಗೆರೆಗಳಾಗಿ ಎಳೆದಾಗ ಏನಾಗುತ್ತದೆ ಎಂಬುದಕ್ಕೆ ನೂರಮೂವತ್ತು ವರ್ಷಗಳ ಸ್ವಾರಸ್ಯಕರವಾದ, ಕೆಲವು ಕಡೆ ಕರುಳು ಹಿಂಡುವ ಇತಿಹಾಸವಿದೆ.

ಸೋತವನು ಊಟ ಕೊಡಿಸಬೇಕು

ಆಸ್ಪತ್ರೆಯ ಮಂಚದ ಕಾಲಬಳಿ ತೂಗುಹಾಕುವ ಜ್ವರದ ಪಟ್ಟಿಯನ್ನು ನೋಡದವರಿಲ್ಲ. ಜ್ವರದ ಏರಿಳಿತವನ್ನು ಗೆರೆಯಾಗಿ ಬರೆಯುವ ಈ ಪದ್ಧತಿಗೆ ಭದ್ರವಾದ ಬುನಾದಿ ಹಾಕಿದವನು ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್‌ಲಿಷ್. ಅವನ ಗ್ರಂಥ 1868ರಲ್ಲಿ ಹೊರಬಂತು. ಆದರೆ ಅದು ಕಾಯಿಲೆಯ ಗೆರೆ ಮಾತ್ರ. ಔಷಧವನ್ನೂ ಅದರ ಪಕ್ಕದಲ್ಲೇ ಬರೆಯುವ ಯೋಚನೆ ಹುಟ್ಟಿದ್ದು ಒಂದು ಸಾವಿನಿಂದ.

ಅಮೆರಿಕದ ಬೋಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆ ಅರಿವಳಿಕೆಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಜಾಗ. ವಿಲಿಯಂ ಮಾರ್ಟನ್ 1846ರ ಅಕ್ಟೋಬರ್ 16ರಂದು ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಿದ್ದು ಅಲ್ಲಿಯೇ. ಆದರೆ ಆಮೇಲಿನ ಐವತ್ತು ವರ್ಷ ಈಥರ್ ಕೊಡುವುದು ಯಾರೂ ಗಂಭೀರವಾಗಿ ಕಲಿಸದ ಕೆಲಸವಾಗಿಯೇ ಉಳಿಯಿತು. ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೈಗೆ ಈಥರಿನ ಸ್ಪಂಜು ಕೊಟ್ಟು 'ಕೊಡು' ಎಂದರೆ ಮುಗಿಯಿತು. 1893ರಲ್ಲಿ ಹಾಗೆ ಕರೆಸಿಕೊಂಡ ವಿದ್ಯಾರ್ಥಿಗಳಲ್ಲಿ ಹಾರ್ವೆ ಕುಶಿಂಗ್ ಒಬ್ಬ. ಅವನು ಈಥರ್ ಕೊಡುತ್ತಿದ್ದಾಗಲೇ ರೋಗಿ ಸತ್ತುಹೋದ. ವೈದ್ಯ ವಿದ್ಯೆಯನ್ನೇ ಬಿಟ್ಟುಬಿಡಬೇಕೆಂದು ಆ ಹುಡುಗನಿಗೆ ಅನ್ನಿಸಿತಂತೆ.

ಅವನು ಬಿಡಲಿಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಜೊತೆ ಒಂದು ಪಂದ್ಯ ಕಟ್ಟಿಕೊಂಡ. ಯಾರು ರೋಗಿಗೆ ಹೆಚ್ಚು ತೊಂದರೆಯಾಗದಂತೆ ಅರಿವಳಿಕೆ ಕೊಡುತ್ತಾರೋ ಅವರು ಗೆದ್ದಂತೆ. ಸೋತವನು ಊಟ ಕೊಡಿಸಬೇಕು. ಆದರೆ ಗೆದ್ದವರು ಯಾರೆಂದು ತೀರ್ಮಾನಿಸುವುದು ಹೇಗೆ? ಅದಕ್ಕೊಂದು ದಾಖಲೆ ಬೇಕಾಯಿತು. 1894ರಲ್ಲಿ ಇಬ್ಬರೂ ಚೌಕುಳಿ ಕಾಗದದ ಮೇಲೆ ಬರೆಯತೊಡಗಿದರು. ಅಡ್ಡಡ್ಡಕ್ಕೆ ಸಮಯ, ಉದ್ದುದ್ದಕ್ಕೆ ನಾಡಿಬಡಿತ ಮತ್ತು ಉಸಿರಾಟ, ಜೊತೆಗೆ ಎಷ್ಟು ಈಥರ್ ಹೋಯಿತೆಂಬ ಲೆಕ್ಕ. ಔಷಧ ಹೆಚ್ಚಾದ ಕಡೆ ನಾಡಿಯ ಗೆರೆ ಏನಾಯಿತೆಂಬುದು ಕಾಗದದ ಮೇಲೆ ಎದ್ದು ಕಾಣತೊಡಗಿತು. ಅಲ್ಲಿಯವರೆಗೆ 'ಯಾಕೋ ಹೋಗಿಬಿಟ್ಟ' ಎಂದಷ್ಟೇ ಹೇಳುತ್ತಿದ್ದ ಕಡೆ, ಯಾವ ನಿಮಿಷದಲ್ಲಿ ಏನಾಯಿತು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು.

ಮುಂದೆ 1901ರಲ್ಲಿ ಕುಶಿಂಗ್ ಇಟಲಿಯ ಪಾವಿಯಾ ನಗರಕ್ಕೆ ಹೋದಾಗ ಅಲ್ಲಿ ರೀವಾ-ರೋಚಿ ರೂಪಿಸಿದ್ದ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕಂಡ. ಅದರ ಮಾದರಿಯನ್ನು ಅಮೆರಿಕಕ್ಕೆ ಒಯ್ದು, ತನ್ನ ಕಾಗದಕ್ಕೆ ರಕ್ತದೊತ್ತಡದ ಗೆರೆಯನ್ನೂ ಸೇರಿಸಿದ. ಮುಂದೆ ಕುಶಿಂಗ್ ಮಿದುಳು ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲೊಬ್ಬ ಎನಿಸಿಕೊಂಡ. ಇಂದು ನಮ್ಮ ಊರಿನ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆ ತಜ್ಞರು ತುಂಬುವ ಹಾಳೆ ಆ ಇಬ್ಬರು ವಿದ್ಯಾರ್ಥಿಗಳ ಪಂದ್ಯದ ಹಾಳೆಯ ವಂಶಕ್ಕೇ ಸೇರಿದ್ದು.

ಹದಿನಾರು ಸೂಕ್ಷ್ಮಾಣು, ಮೂರು ಔಷಧ

ಚಿತ್ರ ಬರೆದರೆ ಸಾಲದು, ಯಾವ ಪ್ರಶ್ನೆ ಕೇಳಿ ಬರೆದೆವು ಎಂಬುದೂ ಮುಖ್ಯ. ಇದಕ್ಕೆ 1951ರ ಒಂದು ಚಿತ್ರ ಒಳ್ಳೆಯ ಉದಾಹರಣೆ.

ವಿಲ್ ಬರ್ಟಿನ್ ಜರ್ಮನಿಯ ಕೊಲೋನ್ ನಗರದಲ್ಲಿ ಹುಟ್ಟಿದ ಚಿತ್ರ ವಿನ್ಯಾಸಕಾರ. ನಾಜಿಗಳ ಕಾಲದಲ್ಲಿ, 1938ರಲ್ಲಿ, ದೇಶ ಬಿಟ್ಟು ಅಮೆರಿಕ ಸೇರಿದ. ಅಲ್ಲಿ ಅಪ್‌ಜಾನ್ ಎಂಬ ಔಷಧ ಕಂಪನಿಯು ವೈದ್ಯರಿಗಾಗಿ ಹೊರಡಿಸುತ್ತಿದ್ದ 'ಸ್ಕೋಪ್' ಪತ್ರಿಕೆಗೆ ಚಿತ್ರಗಳನ್ನು ರಚಿಸುತ್ತಿದ್ದ. ಪ್ರತಿಜೀವಕ ಔಷಧಗಳು, ಅಂದರೆ ನಾವು ಆಂಟಿಬಯಾಟಿಕ್ ಎನ್ನುವವು, ಆಗಷ್ಟೇ ಬಂದಿದ್ದ ಕಾಲ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ನಿಯೊಮೈಸಿನ್ ಈ ಮೂರರಲ್ಲಿ ಯಾವುದು ಯಾವ ಸೂಕ್ಷ್ಮಾಣುವಿಗೆ ಮದ್ದು ಎಂಬುದು ಅಂದಿನ ವೈದ್ಯರ ಪ್ರಶ್ನೆ. ಬರ್ಟಿನ್ ಹದಿನಾರು ಸೂಕ್ಷ್ಮಾಣುಗಳನ್ನು ಚಕ್ರದ ಸುತ್ತ ಕೂರಿಸಿದ. ಪ್ರತಿಯೊಂದರ ಎದುರೂ ಮೂರು ಬಣ್ಣದ ಪಟ್ಟಿಗಳು. ಪಟ್ಟಿ ಉದ್ದವಾದಷ್ಟೂ ಔಷಧ ಕಡಿಮೆ ಸಾಕು ಎಂದರ್ಥ.

ಈ ಅಂಕಿಗಳನ್ನು ಚಿತ್ರಿಸುವುದು ಸುಲಭವಿರಲಿಲ್ಲ. ಒಂದು ಸೂಕ್ಷ್ಮಾಣುವಿಗೆ ಪೆನಿಸಿಲಿನ್ 0.001 ಅಳತೆಯಷ್ಟು ಸಾಕು. ಇನ್ನೊಂದಕ್ಕೆ 870 ಬೇಕು. ಸಾಮಾನ್ಯ ಅಳತೆಪಟ್ಟಿಯಲ್ಲಿ ಬರೆದರೆ ಒಂದು ಪಟ್ಟಿ ಕಾಗದ ದಾಟಿ ಹೋಗುತ್ತದೆ, ಮತ್ತೊಂದು ಕಣ್ಣಿಗೇ ಕಾಣುವುದಿಲ್ಲ. ಹೀಗಾಗಿ ಒಂದು, ಹತ್ತು, ನೂರು, ಸಾವಿರ ಎಂದು ಹತ್ತರ ಗುಣಕದಲ್ಲಿ ಏರುವ ಅಳತೆಯನ್ನು ಬಳಸಿದ. 'ಗ್ರಾಂ ಬಣ್ಣ' ಎಂಬ ಪರೀಕ್ಷೆಯಲ್ಲಿ ಬಣ್ಣ ಹಿಡಿಯುವ ಸೂಕ್ಷ್ಮಾಣುಗಳನ್ನು ಒಂದು ಕಡೆ, ಹಿಡಿಯದವನ್ನು ಇನ್ನೊಂದು ಕಡೆ ಇಟ್ಟ. ನೋಡಿದ ಕೂಡಲೇ ಒಂದು ಮಾತು ಸ್ಪಷ್ಟವಾಯಿತು. ಬಣ್ಣ ಹಿಡಿಯುವವಕ್ಕೆ ಪೆನಿಸಿಲಿನ್ ಚೆನ್ನಾಗಿ ತಾಗುತ್ತದೆ, ಉಳಿದವಕ್ಕೆ ಹೆಚ್ಚಾಗಿ ತಾಗದು. ವೈದ್ಯರಿಗೆ ಬೇಕಿದ್ದ ಉತ್ತರ ಸಿಕ್ಕಿತು. ಚಿತ್ರ ಪ್ರಸಿದ್ಧವಾಯಿತು.

ಆದರೆ ಅದೇ ಅಂಕಿಗಳಲ್ಲಿ ಇನ್ನೊಂದು ಗುಟ್ಟು ಅಡಗಿತ್ತು. ಪಟ್ಟಿಯಲ್ಲಿ 'ಸ್ಟ್ರೆಪ್ಟೊಕಾಕಸ್' ಕುಲದ ಹೆಸರು ಹೊತ್ತ ಮೂರು ಸೂಕ್ಷ್ಮಾಣುಗಳಿದ್ದವು. ಅವುಗಳಲ್ಲಿ ಎರಡು ಪೆನಿಸಿಲಿನ್ನಿಗೆ ಸುಲಭವಾಗಿ ಮಣಿಯುತ್ತಿದ್ದವು. ಮೂರನೆಯದಾದ 'ಫೀಕಾಲಿಸ್' ಮಾತ್ರ ಬೇರೆಯದೇ ರೀತಿ ವರ್ತಿಸುತ್ತಿತ್ತು. ಅದೇ ಹೊತ್ತಿಗೆ 'ಡಿಪ್ಲೊಕಾಕಸ್' ಎಂಬ ಬೇರೆ ಮನೆತನದ ಹೆಸರಿದ್ದ ನ್ಯುಮೋನಿಯಾದ ಸೂಕ್ಷ್ಮಾಣು ಮೊದಲ ಎರಡರಂತೆಯೇ ನಡೆದುಕೊಳ್ಳುತ್ತಿತ್ತು. ಹೆಸರು ಒಂದು, ನಡತೆ ಇನ್ನೊಂದು! ವಿಜ್ಞಾನಿಗಳು ನ್ಯುಮೋನಿಯಾದ ಸೂಕ್ಷ್ಮಾಣುವನ್ನು ಸ್ಟ್ರೆಪ್ಟೊಕಾಕಸ್ ಮನೆಗೆ ಸೇರಿಸಿದ್ದು 1974ರಲ್ಲಿ. ಫೀಕಾಲಿಸನ್ನು ಆ ಮನೆಯಿಂದ ಹೊರಗಿಟ್ಟು 'ಎಂಟೆರೊಕಾಕಸ್' ಎಂದು ಕರೆದದ್ದು 1984ರಲ್ಲಿ. 2009ರಲ್ಲಿ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ ಮತ್ತು ಶಾನ್ ಲೈಸನ್ ಹಳೆಯ ಅಂಕಿಗಳನ್ನು ಇನ್ನೊಂದು ಬಗೆಯಲ್ಲಿ ಜೋಡಿಸಿ ತೋರಿಸಿದಾಗ ಈ ಮಾತು ಬೆಳಕಿಗೆ ಬಂತು. ಒಂದೇ ಬಗೆಯ ಪಟ್ಟಿಗಳಿರುವವನ್ನು ಅಕ್ಕಪಕ್ಕ ಇಟ್ಟಿದ್ದರೆ, 1951ರಲ್ಲೇ ಯಾರಾದರೂ 'ಇದೇನಿದು?' ಎಂದು ಹುಬ್ಬೇರಿಸಬಹುದಿತ್ತು.

ಬರ್ಟಿನ್ ತಪ್ಪು ಮಾಡಿದನೆಂದಲ್ಲ. 'ಯಾವ ಕಾಯಿಲೆಗೆ ಯಾವ ಔಷಧ' ಎಂದು ಕೇಳಿದ, ಅದಕ್ಕೆ ಉತ್ತರ ಬಂತು. 'ಯಾವುದು ಯಾವುದರ ನೆಂಟ' ಎಂದು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಚಿತ್ರ ತಾನಾಗಿ ಉತ್ತರ ಕೊಡುವುದು ಅಪರೂಪ.

ಎಂಟು ತಿಂಗಳ ಅಂತರ

ಔಷಧದ ಗೆರೆ ಮತ್ತು ಮೈಯ ಗೆರೆ ಎರಡನ್ನೂ ಒಂದೇ ಹಾಳೆಯ ಮೇಲೆ ಕಂಡು ಜಗತ್ತು ಬೆಚ್ಚಿದ್ದು ಥಾಲಿಡೊಮೈಡ್ ಪ್ರಕರಣದಲ್ಲಿ. ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಕಂಪನಿ 1957ರ ಅಕ್ಟೋಬರ್ 1ರಿಂದ ಈ ಔಷಧವನ್ನು 'ಕಾಂಟರ್ಗಾನ್' ಎಂಬ ಹೆಸರಿನಲ್ಲಿ ಮಾರತೊಡಗಿತು. ನಿದ್ರೆಗೆ, ಮನಸ್ಸಿನ ತಳಮಳಕ್ಕೆ ಅತ್ಯಂತ ನಿರಪಾಯಕಾರಿ ಎಂಬ ಪ್ರಚಾರ. ವೈದ್ಯರ ಚೀಟಿ ಇಲ್ಲದೆಯೇ ಅಂಗಡಿಯಲ್ಲಿ ಸಿಗುತ್ತಿತ್ತು. ಬಸುರಿಯರು ಬೆಳಗಿನ ವಾಕರಿಕೆಗೂ ತೆಗೆದುಕೊಂಡರು. ಬೇರೆ ಬೇರೆ ಹೆಸರುಗಳಲ್ಲಿ ಸುಮಾರು 46 ದೇಶಗಳಿಗೆ ಅದು ಹರಡಿತು.

ಕೆಲವೇ ವರ್ಷಗಳಲ್ಲಿ ಕೈಗಳಿಲ್ಲದ, ಕಾಲುಗಳಿಲ್ಲದ, ಭುಜಕ್ಕೇ ಬೆರಳು ಅಂಟಿಕೊಂಡಂತಿರುವ ಶಿಶುಗಳು ಹುಟ್ಟತೊಡಗಿದವು. ವೈದ್ಯನೊಬ್ಬ ತನ್ನ ಇಡೀ ವೃತ್ತಿಜೀವನದಲ್ಲಿ ಒಂದನ್ನೂ ಕಾಣದಿರಬಹುದಾದಷ್ಟು ಅಪರೂಪದ ಊನ ಅದು. 1961ರಲ್ಲಿ ವಕೀಲರೊಬ್ಬರು ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿದುಕಿಂಡ್ ಲೆಂಝ್ ಅವರನ್ನು ಕಾಣಲು ಬಂದರು. ಅವರ ಮಗನೂ ಅವರ ಸೋದರಿಯ ಮಗಳೂ ಕೆಲವೇ ವಾರಗಳ ಅಂತರದಲ್ಲಿ ಒಂದೇ ಬಗೆಯ ಊನದೊಂದಿಗೆ ಹುಟ್ಟಿದ್ದರು. 'ವಂಶದ ದೋಷ' ಎಂದು ಹೇಳಿ ಕಳಿಸಿಬಿಡಬಹುದಿತ್ತು. ಲೆಂಝ್ ಹಾಗೆ ಮಾಡಲಿಲ್ಲ. ಮನೆ ಮನೆಗೆ ಹೋಗಿ ತಾಯಂದಿರನ್ನು ಮಾತಾಡಿಸಿದರು.

ಮೊದಮೊದಲು ಎಲ್ಲರೂ ಕಾಂಟರ್ಗಾನಿನ ಹೆಸರು ಹೇಳಲಿಲ್ಲ. ಯಾಕೆ? ಅದೊಂದು ಔಷಧವೆಂದೇ ಹಲವರಿಗೆ ಅನಿಸಿರಲಿಲ್ಲ! ರಾತ್ರಿ ನಿದ್ದೆ ಬಾರದಾಗ ಒಂದು ಮಾತ್ರೆ ನುಂಗಿದ್ದನ್ನು ಯಾರು ಲೆಕ್ಕವಿಡುತ್ತಾರೆ? ಎರಡನೆಯ ಸಲ, ಮೂರನೆಯ ಸಲ ಹೆಸರು ಹಿಡಿದು ಕೇಳಿದಾಗ ಒಬ್ಬೊಬ್ಬರಿಗೇ ನೆನಪಾಯಿತು. 1961ರ ನವೆಂಬರ್ 18ರಂದು ಡ್ಯೂಸೆಲ್‌ಡಾರ್ಫಿನ ವೈದ್ಯರ ಸಭೆಯಲ್ಲಿ ಲೆಂಝ್ ತಮ್ಮ ಸಂಶಯವನ್ನು ಬಾಯಿಬಿಟ್ಟು ಹೇಳಿದರು. ಪತ್ರಿಕೆಯಲ್ಲಿ ಸುದ್ದಿ ಬಂತು. ಅದೇ ತಿಂಗಳ ಕೊನೆಯ ವಾರದಲ್ಲಿ ಕಂಪನಿ ಔಷಧವನ್ನು ಜರ್ಮನಿಯ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಆಸ್ಟ್ರೇಲಿಯಾದ ಪ್ರಸೂತಿ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಕೂಡ ತಮ್ಮಷ್ಟಕ್ಕೆ ತಾವೇ ಇದೇ ಸಂಶಯಕ್ಕೆ ಬಂದು ಡಿಸೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು.

ಆಮೇಲೆ ಬಂದದ್ದೇ ಆ ಪ್ರಸಿದ್ಧ ರೇಖಾಚಿತ್ರ. ಒಂದು ಗೆರೆ ಜರ್ಮನಿಯಲ್ಲಿ ತಿಂಗಳು ತಿಂಗಳು ಮಾರಾಟವಾದ ಥಾಲಿಡೊಮೈಡ್‌ನದು. ಇನ್ನೊಂದು ಊನವಿರುವ ಶಿಶುಗಳ ಜನನದ್ದು. ಎರಡೂ ಒಂದೇ ಆಕಾರದ ಗುಡ್ಡಗಳು. ಆದರೆ ಎರಡನೆಯದು ಮೊದಲನೆಯದರ ನೆರಳಿನಂತೆ ಸುಮಾರು ಎಂಟು ತಿಂಗಳು ಹಿಂದೆ ನಡೆಯುತ್ತದೆ. ಮಾರಾಟ ಏರಿದರೆ ಎಂಟು ತಿಂಗಳ ನಂತರ ಜನನವೂ ಏರುತ್ತದೆ. 1961ರ ಕೊನೆಯಲ್ಲಿ ಮಾರಾಟದ ಗೆರೆ ಕಡಿದು ಬೀಳುತ್ತದೆ. 1962ರ ಬೇಸಿಗೆ ಕಳೆಯುವ ಹೊತ್ತಿಗೆ ಶಿಶುಗಳ ಗೆರೆಯೂ ನೆಲ ಕಾಣುತ್ತದೆ.

ಆ ಎಂಟು ತಿಂಗಳು ಏನೆಂದು ಯಾವ ತಾಯಿಗೂ ವಿವರಿಸಬೇಕಾಗಿಲ್ಲ. ಮುಟ್ಟು ನಿಂತಿತೋ ಇಲ್ಲವೋ ಎಂದು ಹೆಣ್ಣು ಬೆರಳೆಣಿಸುವ ಹೊತ್ತಿಗೆ ಭ್ರೂಣದ ಕೈಕಾಲು ಮೊಳೆಯುತ್ತಿರುತ್ತವೆ. ಕೊನೆಯ ಮುಟ್ಟಿನ 34ನೆಯ ದಿನದಿಂದ 50ನೆಯ ದಿನದವರೆಗೆ ಮಾತ್ರೆ ನುಂಗಿದವರ ಮಕ್ಕಳಿಗೆ ಅಪಾಯ ಎಂದು ಆಮೇಲೆ ಗೊತ್ತಾಯಿತು. ಇದೂ ಗೆರೆ ಎಳೆದೇ ತಿಳಿದದ್ದು. ಮಾತ್ರೆ ನುಂಗಿದ ದಿನಗಳು ಖಚಿತವಾಗಿ ಗೊತ್ತಿದ್ದ ತಾಯಂದಿರ ದಿನಗಳನ್ನು ಒಂದರ ಕೆಳಗೊಂದು ಬರೆದಾಗ, ಮೊದಲ ದಿನಗಳಲ್ಲಿ ನುಂಗಿದವರ ಮಕ್ಕಳಿಗೆ ಕಿವಿ, ಆಮೇಲಿನವರಿಗೆ ಕೈ, ಕೊನೆಯವರಿಗೆ ಕಾಲು ಊನವಾಗಿರುವುದು ಕಂಡಿತು. ಒಂದೇ ಮಾತ್ರೆ ಸಾಕಾಗಿತ್ತು.

ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ಹುಟ್ಟಿದರು. ತೀರಾ ಮೊದಲನೆಯವಳೆಂದು ಹೇಳಲಾಗುವ ಮಗು ಹುಟ್ಟಿದ್ದು 1956ರ ಡಿಸೆಂಬರ್ 25ರಂದು, ಔಷಧ ಮಾರುಕಟ್ಟೆಗೆ ಬರುವುದಕ್ಕೂ ಮೊದಲೇ, ಅದೇ ಕಂಪನಿಯ ಉದ್ಯೋಗಿಯೊಬ್ಬನ ಮನೆಯಲ್ಲಿ. ಆ ಮಗುವಿಗೆ ಕಿವಿಗಳಿರಲಿಲ್ಲ. ಅಂದು ಆ ಒಂದು ಚುಕ್ಕೆಯನ್ನು ಯಾರೂ ಯಾವ ಕಾಗದದ ಮೇಲೂ ಇಡಲಿಲ್ಲ. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2012ರಲ್ಲಿ.

ಕಾಗೆಯೂ ಕೊಂಬೆಯೂ

ಎರಡು ಗೆರೆಗಳು ಒಟ್ಟಿಗೆ ಏರಿದರೆ ಒಂದಕ್ಕೆ ಇನ್ನೊಂದು ಕಾರಣವೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲೇ ಇದೆ. ಆ ವರ್ಷಗಳಲ್ಲಿ ಜರ್ಮನಿಯಲ್ಲಿ ಟೆಲಿವಿಷನ್ನುಗಳೂ ಹೆಚ್ಚುತ್ತಿದ್ದವು, ಬಟ್ಟೆ ತೊಳೆಯುವ ಪುಡಿಗಳೂ ಹೆಚ್ಚುತ್ತಿದ್ದವು, ಪರಮಾಣು ಬಾಂಬಿನ ಪರೀಕ್ಷೆಗಳೂ ನಡೆಯುತ್ತಿದ್ದವು. ಇವುಗಳ ಮೇಲೂ ಆಗ ಸಂಶಯವಿತ್ತು.

ಈ ಆಕ್ಷೇಪ ಸರಿಯಾದದ್ದೇ. ಹಾಗಾಗಿಯೇ ಗೆರೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ಹೇಳುತ್ತದೆ. ಟೆಲಿವಿಷನ್ನುಗಳು 1962ರಲ್ಲಿ ಕಡಿಮೆಯಾಗಲಿಲ್ಲ. ಶಿಶುಗಳ ಊನ ಕಡಿಮೆಯಾಯಿತು. ಇನ್ನೊಂದು ಪುರಾವೆ, ದೇಶದಿಂದ ದೇಶಕ್ಕೆ ಇದ್ದ ವ್ಯತ್ಯಾಸ. ಪಕ್ಕದ ಪೂರ್ವ ಜರ್ಮನಿಯಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿರಲಿಲ್ಲ, ಅಲ್ಲಿ ಈ ಗುಡ್ಡ ಏಳಲಿಲ್ಲ. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ ಕಂಪನಿಯ ಒತ್ತಾಯಕ್ಕೆ ಮಣಿಯದೆ, ಸಾಕಷ್ಟು ಪುರಾವೆ ಕೊಡಿ ಎಂದು ಕಡತವನ್ನು ಮತ್ತೆ ಮತ್ತೆ ಹಿಂದಿರುಗಿಸಿದ್ದರಿಂದ, ಪ್ರಯೋಗದ ಮಾತ್ರೆ ಪಡೆದ ಕೆಲವೇ ಕುಟುಂಬಗಳ ಹೊರತು ಉಳಿದವರು ಬಚಾವಾದರು.

ಎಲ್ಲ ಗೆರೆಗಳೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಸ್ತಮಾದಿಂದ ಸಾಯುವ ಎಳೆಯರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಆಗ ಹೊಸದಾಗಿ ಬಂದಿದ್ದ, ಬಾಯಿಗೆ ಹಿಡಿದು ಒತ್ತುವ ಐಸೊಪ್ರಿನಲಿನ್ ಇನ್ಹೇಲರುಗಳ ಮಾರಾಟದ ಗೆರೆಯನ್ನು ಸಾವಿನ ಗೆರೆಯ ಪಕ್ಕ ಇಟ್ಟು ನೋಡಿದರು. ಎರಡೂ ಜೊತೆಜೊತೆಗೆ ಏರಿದ್ದವು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ಹೋಯಿತು, 1968ರಲ್ಲಿ ಚೀಟಿ ಇಲ್ಲದೆ ಮಾರುವುದು ನಿಂತಿತು, ಎರಡೂ ಗೆರೆಗಳು ಇಳಿದವು. ಆದರೂ ಔಷಧವೇ ಕೊಂದಿತೋ, ಅದನ್ನೇ ನಂಬಿ ಆಸ್ಪತ್ರೆಗೆ ತಡವಾಗಿ ಹೋದದ್ದು ಕೊಂದಿತೋ ಎಂಬ ಚರ್ಚೆ ಬಹುಕಾಲ ನಡೆಯಿತು. ಇಂದು ವೈದ್ಯರು ಬರೆದುಕೊಡುವ ಇನ್ಹೇಲರುಗಳು ಬೇರೆ. ಇದನ್ನೋದಿ ಯಾರೂ ತಮ್ಮದನ್ನು ಮೂಲೆಗೆ ಎಸೆಯಬಾರದು.

ಅಳೆಯುವ ಸೇರು ಯಾವುದು?

ಗೆರೆ ಎಳೆಯಬೇಕಾದರೆ ಮೊದಲು ಅಳತೆ ಬೇಕು. ಭತ್ತಕ್ಕೆ ಸೇರು, ಬಟ್ಟೆಗೆ ಗಜ. ಔಷಧಕ್ಕೆ? ಒಂದು ದೇಶದಲ್ಲಿ 500 ಮಿಲಿಗ್ರಾಂ ಮಾತ್ರೆ, ಇನ್ನೊಂದರಲ್ಲಿ 1000 ಮಿಲಿಗ್ರಾಂ. ಮಾತ್ರೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ರೂಪಾಯಿ ಎಣಿಸಿದರೆ ಬೆಲೆಯ ವ್ಯತ್ಯಾಸ ಅಡ್ಡ ಬರುತ್ತದೆ. 1969ರಲ್ಲಿ ನಾರ್ವೆಯ ಓಸ್ಲೊ ನಗರದಲ್ಲಿ ಔಷಧ ಬಳಕೆಯ ಬಗ್ಗೆ ನಡೆದ ವಿಚಾರ ಸಂಕಿರಣದ ನಂತರ ಈ ತೊಡಕಿಗೆ ಒಂದು ದಾರಿ ಹುಡುಕಿದರು. ಪ್ರತಿ ಔಷಧಕ್ಕೂ, ವಯಸ್ಕ ರೋಗಿಯೊಬ್ಬ ಅದರ ಮುಖ್ಯ ಕಾಯಿಲೆಗೆ ದಿನಕ್ಕೆ ಸರಾಸರಿ ತೆಗೆದುಕೊಳ್ಳುವ ಪ್ರಮಾಣವನ್ನು ಒಂದು 'ದಿನದಳತೆ' ಎಂದು ಗೊತ್ತುಮಾಡಿದರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನಿಗೆ ಇದು 2 ಗ್ರಾಂ, ಅಂದರೆ 500 ಮಿಲಿಗ್ರಾಮಿನ ನಾಲ್ಕು ಮಾತ್ರೆ. ಒಂದು ಊರಿನಲ್ಲಿ ಸಾವಿರ ಜನಕ್ಕೆ ದಿನಕ್ಕೆ ಹತ್ತು ದಿನದಳತೆ ಖರ್ಚಾದರೆ, ನೂರಕ್ಕೆ ಒಬ್ಬರು ಅದನ್ನು ಬಳಸುತ್ತಿರಬಹುದೆಂದು ಅಂದಾಜು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿಕೊಂಡಿದೆ. ಇದು ಡಾಕ್ಟರು ಕೊಡಬೇಕಾದ ಪ್ರಮಾಣವಲ್ಲ, ಬರೀ ಅಳೆಯುವ ಸೇರು ಎಂಬುದನ್ನು ಮರೆಯಬಾರದು.

ಕಂಪ್ಯೂಟರ್ ಬಂದಮೇಲೆ ಒಬ್ಬೊಬ್ಬ ರೋಗಿಯ ದಾರಿಯನ್ನೂ ಎಳೆಯಲು ಸಾಧ್ಯವಾಯಿತು. 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 'ಲೈಫ್‌ಲೈನ್ಸ್' ಎಂಬ ಏರ್ಪಾಟನ್ನು ರೂಪಿಸಿದರು. ಒಬ್ಬ ರೋಗಿಯ ಕಾಯಿಲೆ, ಔಷಧ, ಪರೀಕ್ಷೆ ಎಲ್ಲವನ್ನೂ ಒಂದೇ ಪರದೆಯ ಮೇಲೆ ಅಡ್ಡಪಟ್ಟಿಗಳಾಗಿ ತೋರಿಸುವುದು ಅದರ ಕೆಲಸ. ಪಟ್ಟಿ ಎಲ್ಲಿ ಶುರುವಾಗುತ್ತದೋ ಅಂದು ಔಷಧ ಶುರು, ಎಲ್ಲಿ ನಿಲ್ಲುತ್ತದೋ ಅಂದು ನಿಲುಗಡೆ.

2016ರಲ್ಲಿ ಇದಕ್ಕಿಂತ ದೊಡ್ಡ ಚಿತ್ರವೊಂದು ಬಂತು. ಅಮೆರಿಕ, ಬ್ರಿಟನ್, ಜಪಾನ್, ದಕ್ಷಿಣ ಕೊರಿಯಾ ಈ ನಾಲ್ಕು ದೇಶಗಳ ಹನ್ನೊಂದು ದಾಖಲೆ ಭಂಡಾರಗಳಲ್ಲಿದ್ದ 25 ಕೋಟಿ ರೋಗಿಗಳ ಮಾಹಿತಿಯಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ ಇವುಗಳಿಗೆ ಯಾರು ಯಾವ ಔಷಧದಿಂದ ಯಾವುದಕ್ಕೆ ಹೋದರೆಂದು ಸಂಶೋಧಕರು ಚಿತ್ರಿಸಿದರು. ಚಿತ್ರ ನೋಡಲು ಸೂರ್ಯನಂತಿದೆ. ಒಳಗಿನ ಬಳೆ ಮೊದಲ ಔಷಧ, ಅದರಾಚೆಯ ಬಳೆ ಎರಡನೆಯದು, ಅದರಾಚೆ ಮೂರನೆಯದು. ಸಕ್ಕರೆ ಕಾಯಿಲೆಯಲ್ಲಿ ಹೆಚ್ಚಿನ ಕಡೆ ಒಳಬಳೆಯ ದೊಡ್ಡ ಪಾಲು ಮೆಟ್‌ಫಾರ್ಮಿನ್ನಿನದೇ. ರಕ್ತದೊತ್ತಡದಲ್ಲಿ ಮಾತ್ರ ಅಚ್ಚರಿ ಕಾದಿತ್ತು. ಸುಮಾರು ನಾಲ್ವರಲ್ಲಿ ಒಬ್ಬ ರೋಗಿ ನಡೆದ ದಾರಿಯಲ್ಲಿ ಇನ್ನೊಬ್ಬ ನಡೆದೇ ಇರಲಿಲ್ಲ! ಅಷ್ಟೊಂದು ಜನರ ನಡುವೆ ಅಂಥವನೊಬ್ಬನಿಗೆ 'ನಿನ್ನಂತೆಯೇ ಔಷಧ ತೆಗೆದುಕೊಂಡವರಿಗೆ ಹೀಗಾಯಿತು' ಎಂದು ಹೇಳಲು ಜೊತೆಗಾರನೇ ಇಲ್ಲ.

ನಮ್ಮ ಮನೆಯ ಲೆಕ್ಕ

ಆ ಚಿತ್ರದಲ್ಲಿ ಭಾರತವಿಲ್ಲ. ಇಲ್ಲಿ ಜ್ವರವೆಂದರೆ ಮೆಡಿಕಲ್ ಸ್ಟೋರಿನವನೇ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾನೆ, ಬಿಲ್ಲಿಲ್ಲ. ಪಕ್ಕದ ಮನೆಯವರ ಉಳಿದ ಮಾತ್ರೆ ನಮ್ಮ ಮನೆಗೆ ಬರುತ್ತದೆ. ಇದನ್ನೆಲ್ಲ ಯಾವ ಗೆರೆಯಲ್ಲಿ ತೋರಿಸುವುದು?

ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಗೆ ಬಂದ 'ಎಚ್-1' ಎಂಬ ಅನುಸೂಚಿಯಂತೆ, ಕೆಲವು ಪ್ರಬಲ ಆಂಟಿಬಯಾಟಿಕ್, ಕ್ಷಯದ ಔಷಧ, ಚಟ ಹಿಡಿಸಬಹುದಾದ ಮಾತ್ರೆ ಇವುಗಳನ್ನು ಮಾರುವಾಗ ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಔಷಧಗಳ ಅಡ್ಡ ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, ಮರುವರ್ಷದಿಂದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಹೊಣೆಯಲ್ಲಿದೆ. ಹಲವು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ವೈದ್ಯರೇ ಆಗಬೇಕೆಂದಿಲ್ಲ, ರೋಗಿಯೂ 1800-180-3024 ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಇಲ್ಲಿನ ವರದಿಗಳು ಸ್ವೀಡನ್ನಿನ ಉಪ್ಸಲಾದಲ್ಲಿರುವ ಜಾಗತಿಕ ಭಂಡಾರವನ್ನು ಸೇರುತ್ತವೆ. ಥಾಲಿಡೊಮೈಡ್ ದುರಂತದ ನಂತರ, 1968ರಲ್ಲಿ, ಶುರುವಾದ ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆ ಅದು. ಹೀಗೆ ಸೇರಿಸುವಾಗ ರೋಗಿಯ ಗುರುತು ಬಯಲಾಗಬಾರದು ಎಂಬುದೂ ಅಷ್ಟೇ ಮುಖ್ಯ. ನುಂಗುವ ಮಾತ್ರೆಗಳನ್ನು ನೋಡಿಯೇ ಒಬ್ಬರ ಕಾಯಿಲೆಯನ್ನು ಊಹಿಸಬಹುದಲ್ಲ!

ಈಗ ಮತ್ತೆ ಅಜ್ಜಿಯ ವಿಷಯಕ್ಕೆ ಬರೋಣ. ಈ ಲೇಖನಕ್ಕೆಂದು ಓದುತ್ತಿದ್ದಾಗ ನನಗೊಂದು ಯೋಚನೆ ಬಂತು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಆಸ್ಪತ್ರೆಗೆ ಹೋದ ದಿನ ಎಲ್ಲವನ್ನೂ ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾರೆ. ಹಳೆಯ ತಿಂಗಳ ಹಾಳೆಯೊಂದನ್ನು ತಿರುಗಿಸಿ, ಅದರ ಬೆನ್ನಿನ ಮೇಲೆ ಅಡ್ಡಡ್ಡಕ್ಕೆ ತಿಂಗಳುಗಳನ್ನು ಬರೆದೆ. ಮಾತ್ರೆ ಹಾಳೆಗಳನ್ನೆಲ್ಲ ಹರಡಿ, ಒಂದೊಂದಕ್ಕೆ ಒಂದೊಂದು ಗೆರೆ ಎಳೆದೆ.

ಬೆಳಗಿನ ಬಿಳಿ ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಆಮ್ಲೊಡಿಪಿನ್ 5 ಮಿಲಿಗ್ರಾಂ ಎಂದಿತ್ತು. ರಕ್ತದೊತ್ತಡಕ್ಕೆ. ರಾತ್ರಿಯ ಸಣ್ಣ ಮಾತ್ರೆಯ ಹೆಸರು ಬೇರೆ, ಕಂಪನಿ ಬೇರೆ, ಬಣ್ಣ ಬೇರೆ. ಅದರ ಹಿಂದೆಯೂ ಆಮ್ಲೊಡಿಪಿನ್ 5 ಮಿಲಿಗ್ರಾಂ! ಯುಗಾದಿಗೆ ತುಮಕೂರಿನ ಅತ್ತೆಯ ಮನೆಗೆ ಹೋಗಿದ್ದಾಗ ತಲೆಸುತ್ತು ಬಂದು ಅಲ್ಲಿ ಒಬ್ಬರು ಡಾಕ್ಟರಿಗೆ ತೋರಿಸಿದ್ದರು. ಮೊದಲೇ ಒಂದು ಮಾತ್ರೆ ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

'ಚಪ್ಪಲಿ ಬಿಗಿ ಆಗಿದ್ದು ಯಾವಾಗಿಂದ ಅಜ್ಜಿ?'

'ಬಸವ ಜಯಂತಿಗೆ ಬರಿಗಾಲಲ್ಲೇ ಗುಡಿಗೆ ಹೋಗಿದ್ನಲ್ಲ ಮಗ, ಆಗಿಂದ.'

ಯುಗಾದಿಗೆ ಒಂದು ಗೆರೆ, ತಿಂಗಳೊಪ್ಪತ್ತಿನ ಮೇಲೆ ಇನ್ನೊಂದು. ಆಮ್ಲೊಡಿಪಿನ್ನಿನ ಪ್ರಮಾಣ ಹೆಚ್ಚಿದರೆ ಪಾದ ಊದುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಕಾಗೆ-ಕೊಂಬೆಯ ಎಚ್ಚರಿಕೆ ನೆನಪಿದ್ದುದರಿಂದ ನಾವಾಗಿ ಏನನ್ನೂ ನಿಲ್ಲಿಸಲಿಲ್ಲ. ಮುಂದಿನ ವಾರ ಮಾತ್ರೆಯ ಕವರಿನ ಜೊತೆ ಆ ಕ್ಯಾಲೆಂಡರ್ ಹಾಳೆಯನ್ನೂ ಡಾಕ್ಟರ ಮುಂದಿಟ್ಟೆವು. ಅವರು ಅರ್ಧ ನಿಮಿಷ ನೋಡಿ, ರಾತ್ರಿಯ ಮಾತ್ರೆಯ ಗೆರೆಯ ತುದಿಗೆ ಪೆನ್ನಿನಿಂದ ಒಂದು ಅಡ್ಡಗೀಟು ಎಳೆದರು. ಮೂರು ವಾರಕ್ಕೊಮ್ಮೆ ಬಂದು ರಕ್ತದೊತ್ತಡ ತೋರಿಸಿ ಎಂದರು.

ಶ್ರಾವಣದ ಹೊತ್ತಿಗೆ ಅಜ್ಜಿಯ ಕಾಲಿಗೆ ಚಪ್ಪಲಿ ಹಿಡಿಸಿತು. ಆ ಹಾಳೆಯನ್ನು ಅವರು ಎಸೆಯಲು ಬಿಟ್ಟಿಲ್ಲ. ಮಾತ್ರೆ ಡಬ್ಬಿಯ ಮುಚ್ಚಳದೊಳಗೆ ಮಡಚಿ ಇಟ್ಟುಕೊಂಡಿದ್ದಾರೆ. ಹೊಸ ಮಾತ್ರೆ ಬಂದರೆ ಗೆರೆ ಎಳೆದುಕೊಡು ಎಂದು ನನ್ನನ್ನು ಕರೆಯುತ್ತಾರೆ.